ಬರೋ ಬ್ಯಾಸಗಿಗೆ ಬರತೈತಿ

ಸತ್ಯವ್ವ ಯಾವುದಕ್ಕೂ ಅಂಜುವ ಹೆಂಗಸಲ್ಲ. ಸಾವಳಗಿಯ ಆಚೆಗಿನ ಹಳ್ಳಿಯಲ್ಲಿ, ಕುರಿ ಹಟ್ಟಿಗೆ ನುಗ್ಗಿದ ತೋಳವನ್ನು ಬಡಿಗೆ ಹಿಡಿದು ಅಟ್ಟಿದವಳು. ಅಂಥವಳು ತನ್ನ ಐದು ವರ್ಷದ ಮೊಮ್ಮಗಳಿಗೆ ಅಂಜಿದಳು.

ಮೊಮ್ಮಗಳು ಯಲ್ಲಕ್ಕ ತಾಯಿಯಿಲ್ಲದ ಕೂಸು. ಅಪ್ಪ ಹಾಲಸಿದ್ದಪ್ಪ ಕುರಿಗಳ ಹಿಂದೆ ತಿಂಗಳುಗಟ್ಟಲೆ ಕೃಷ್ಣೆಯ ದಂಡೆಯಲ್ಲೇ ಇರುತ್ತಿದ್ದ. ಮನೆಯಲ್ಲಿ ಇವರಿಬ್ಬರೇ.

ಅದು ಮುಂಬೈ ಸರಕಾರದ ಕಾಲ. ಒಂದು ಬೇಸಿಗೆ ಆರೋಗ್ಯ ಖಾತೆಯ ನಾರಾಯಣರಾಯರು ಮೋಟಾರಿನಲ್ಲಿ ಸಿನಿಮಾ ಯಂತ್ರ ಹೇರಿಕೊಂಡು ಬಂದರು. ನಡುಮಧ್ಯಾಹ್ನವೇ ಶಾಲೆಯ ಕಿಟಕಿಗಳಿಗೆ ಕರಿ ಕಂಬಳಿ ಕಟ್ಟಿ ಕತ್ತಲು ಮಾಡಿದರು. ಗೋಡೆಗೆ ಕಟ್ಟಿದ ಬಿಳಿ ಧೋತರದ ಮೇಲೆ ಮನುಷ್ಯನ ಕಾಲೊಂದು ಬಾಗಿಲಿನಷ್ಟು ದೊಡ್ಡದಾಗಿ ಮೂಡಿತು. ಅದರ ಗುಳ್ಳೆ ಒಡೆದು, ನೂಲಿನಂಥ ಹುಳ ಹೊರಳುತ್ತ ಹೊರಬಂತು. ಹೆಂಗಸರೆಲ್ಲ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು, ಸತ್ಯವ್ವನೂ. ಅವಳ ತೊಡೆಯ ಮೇಲಿದ್ದ ಯಲ್ಲಕ್ಕ ಮಾತ್ರ ರೆಪ್ಪೆ ಬಡಿಯದೆ ನೋಡಿದಳು. ಆಮೇಲೆ ರಾಯರು ಇವರ ಮನೆಯ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಊರ ಹಿರಿಯರೊಡನೆ ಬಹಳ ಹೊತ್ತು ಮಾತಾಡಿದರು. ಹುಡುಗಿ ಅಲ್ಲೇ ಹರಳುಕಲ್ಲು ಆಡುತ್ತಿದ್ದಳು.

ಎಂಟು ದಿನ ಕಳೆದಿರಬೇಕು. ನೆರೆಮನೆಯ ಪದ್ಮವ್ವ ಬಾವಿಯ ಕೊನೆಯ ಮೆಟ್ಟಿಲಿಳಿದು ಮೊಣಕಾಲು ಮಟ ನೀರಿನಲ್ಲಿ ನಿಂತು ಕೊಡ ತುಂಬುತ್ತಿದ್ದಳು. ಅವಳ ಹಿಮ್ಮಡಿಯಲ್ಲಿ ಹುಣ್ಣು. ಉರಿಗೆ ತಣ್ಣೀರು ಹಿತವಾಗಿತ್ತು. ಸತ್ಯವ್ವನೊಡನೆ ನೀರಿಗೆ ಬಂದಿದ್ದ ಯಲ್ಲಕ್ಕ ಮೇಲಿನ ಮೆಟ್ಟಿಲಿನಿಂದ ಆ ಕಾಲನ್ನೇ ನೋಡಿದಳು.

"ಚಿಗವ್ವಾ, ನಿನ್ನ ಕಾಲಾಗಿಂದು ಈಗ ನೀರಾಗ ಮರಿ ಹಾಕ್ತು. ಈ ನೀರು ಕುಡದವ್ರ ಕಾಲಾಗ ಬರೋ ಬ್ಯಾಸಗಿಗೆ ಬರತೈತಿ."

ದನಿಯಲ್ಲಿ ಆಟವಿರಲಿಲ್ಲ, ಅಂಜಿಕೆಯೂ ಇರಲಿಲ್ಲ. ಬಾವಿಯ ಕಲ್ಲುಗೋಡೆ ಕೊನೆಯ ಮಾತನ್ನು ಇನ್ನೊಮ್ಮೆ ಹೇಳಿತು. ಹೆಂಗಸರು ನಿಂತಲ್ಲೇ ನಿಂತರು.

"ಸತ್ಯವ್ವಾ, ಯಾರ ಕುಂತಾರ ಬೇ ಈ ಕೂಸಿನ ಬಾಯಾಗ?" ಎಂದಳು ಪದ್ಮವ್ವ.

ಸತ್ಯವ್ವ ಮೊಮ್ಮಗಳ ಬೆನ್ನಿಗೆ ಗುದ್ದಿ ಎಳೆದೊಯ್ದಳು. ನೀರನ್ನು ಎಲ್ಲರೂ ಕುಡಿದರು. ಬೇರೆ ನೀರು ಎಲ್ಲಿತ್ತು?

ಮರುವರ್ಷ ಬಿಸಿಲು ಏರುತ್ತಿದ್ದಂತೆ ಮೊದಲು ತಾರವ್ವನ ಮೊಣಕಾಲು ಬಾತಿತು, ಆಮೇಲೆ ಗಿರಮಲ್ಲಪ್ಪನ ಪಾದ. ನಾರುಹುಣ್ಣು ಊರಿಗೆ ಹೊಸದಲ್ಲ. ಆದರೆ ಒಂದೇ ಓಣಿಯಲ್ಲಿ ಒಂಬತ್ತು ಜನ ಹಾಸಿಗೆ ಹಿಡಿದದ್ದನ್ನು ಯಾರೂ ಕಂಡಿರಲಿಲ್ಲ. ಬಾವಿಯ ಮಾತು ಎಲ್ಲರಿಗೂ ನೆನಪಾಯಿತು. ಯಾರೋ ಯಲ್ಲಕ್ಕನ ಮುಂದೆ ತೆಂಗಿನಕಾಯಿ ಇಟ್ಟು ಕೈಮುಗಿದು ಹೋದರು. ಅವಳು ಓಣಿಯಲ್ಲಿ ನಡೆದರೆ ಹೆಂಗಸರು ಸೀರೆ ಜಗ್ಗಿ ಪಾದ ಮುಚ್ಚಿಕೊಂಡರು.

ಒಂದು ಮುಂಜಾನೆ ರೊಟ್ಟಿ ಬಡಿಯುತ್ತಿದ್ದ ಸತ್ಯವ್ವನ ಕಾಲು ಸುಟ್ಟಂತೆ ಉರಿಯಿತು. ಸೀರೆ ಸರಿಸಿದರೆ ಗುಳ್ಳೆ. ತಲೆಯೆತ್ತುವಷ್ಟರಲ್ಲಿ ಯಲ್ಲಕ್ಕ ಎದುರಿಗೇ ಕೂತಿದ್ದಳು.

"ಬಂತಲ್ಲ, ಆಯಿ."

ಸತ್ಯವ್ವ ಹಿಟ್ಟಿನ ಕೈಯಲ್ಲೇ ಅವಳ ರಟ್ಟೆ ಹಿಡಿದಳು. "ಬೀರಪ್ಪನ ಆಣಿ ಐತಿ, ಖರೆ ಹೇಳ. ನಿನಗ ಇದನೆಲ್ಲಾ ಯಾರ ಹೇಳತಾರ?"

"ರಾಯರು ಕಟ್ಟಿ ಮ್ಯಾಲ ಕುಂತು ಹೇಳಿದ್ರಲ್ಲ. ನೀರಾಗ ಸಣ್ಣ ಹುಳ ಇರತಾವು. ಅವು ಇದರ ಮರಿ ತಿಂತಾವು, ನಾವು ಅವನ್ನ ಕುಡಿತೀವಿ. ವರ್ಷಕ್ಕ ದೊಡ್ಡದಾಗಿ ಹೊರಗ ಬರತೈತಿ. ಅರಿಬಿಲೆ ಸೋಸಿದ್ರ ಬರೂದಿಲ್ಲ. ನೀನೂ ಅಲ್ಲೇ ಚಾ ಕೊಡಾಕತ್ತಿದ್ದಿ."

ಸತ್ಯವ್ವನಿಗೆ ಚಹಾ ನೆನಪಿತ್ತು. ಮಾತು ಒಂದೂ ನೆನಪಿರಲಿಲ್ಲ.

"ಮತ್ತ ನನಗ್ಯಾಕ ಹೇಳಲಿಲ್ಲ?"

"ಹೇಳಿದ್ನಲ್ಲ. ನೀ ಹೊಡದಿ."

ಅಂದೇ ಸತ್ಯವ್ವ ಕುಂಟುತ್ತ ಮನೆಮನೆಗೂ ಹೋದಳು. ನೀರು ಸೋಸಿ ಕುಡಿಯಿರಿ, ಹುಣ್ಣಿದ್ದವರು ಬಾವಿಗಿಳಿಯಬೇಡಿ, ಕೂಸು ಹೇಳಿದ್ದು ರಾಯರ ಮಾತು, ಯಾವ ದೇವರದೂ ಅಲ್ಲ ಎಂದಳು. ಯಾರೂ ನಂಬಲಿಲ್ಲ. ಆದರೆ ಹುಡುಗಿಯ ಬಾಯಿಂದ ಬಂದ ಮಾತೆಂದು ಅಂಜಿ, ಕೊಡದ ಬಾಯಿಗೆ ಎರಡು ಪದರ ಬಟ್ಟೆ ಕಟ್ಟಿದರು. ಹುಣ್ಣಿದ್ದವರು ನೀರಿಗಿಳಿಯುವುದನ್ನು ಬಿಟ್ಟರು. ಸತ್ಯವ್ವ ಇಪ್ಪತ್ತಾರು ದಿನ ಕೂತಲ್ಲೇ ಕೂತು, ದಿನಕ್ಕೆ ಅರ್ಧ ಬೆರಳುದ್ದದಂತೆ ಹುಳವನ್ನು ಕಡ್ಡಿಗೆ ಸುತ್ತಿ ತೆಗೆದಳು. ಯಲ್ಲಕ್ಕ ದಿನವೂ ಬಗ್ಗಿ ನೋಡಿ ಹೋಗುತ್ತಿದ್ದಳು.

ಅದರ ಮುಂದಿನ ಬೇಸಿಗೆ ಓಣಿಯಲ್ಲಿ ಒಬ್ಬರಿಗೂ ನಾರು ಹೊರಡಲಿಲ್ಲ. ಜನ ಬೀರಪ್ಪ ದೇವರಿಗೆ ಅರಿಶಿನದ ಭಂಡಾರ ಹಾರಿಸಿದರು. ಹುಡುಗಿಯನ್ನು ಮಾತ್ರ ಯಾರೂ ಆಟಕ್ಕೆ ಕರೆಯಲಿಲ್ಲ. ಸತ್ಯವ್ವನಿಗೆ ಎಲ್ಲವೂ ತಿಳಿದಿತ್ತು. ಆದರೂ ತಲೆ ಬಾಚುವಾಗ ಕೂಸು ಹೊರಳಿ ತನ್ನ ಮುಖವನ್ನೇ ದಿಟ್ಟಿಸಿದರೆ, ಅವಳು ಬಾಚುವುದನ್ನು ಬಿಟ್ಟು ಸೀರೆ ಜಗ್ಗಿ ಪಾದ ಮುಚ್ಚಿಕೊಳ್ಳುತ್ತಿದ್ದಳು.

"ಏನ ಬೇ?" ಎಂದು ಕೇಳುತ್ತಿದ್ದಳು.

"ಏನಿಲ್ಲ, ಆಯಿ," ಎಂದು ಯಲ್ಲಕ್ಕ ಮತ್ತೆ ಆ ಕಡೆ ತಿರುಗುತ್ತಿದ್ದಳು.