ಅಕ್ಕನ ಒಣ ಅಳು

ನಮ್ಮಕ್ಕ ಅತ್ತರೆ ಸತ್ತವರಿಗೂ ಸಮಾಧಾನ ಅಂತ ಜಡಿಗೇನಹಳ್ಳಿ ಸುತ್ತಮುತ್ತ ಮಾತಿತ್ತು. ಯಾರ ಸಾವಿನ ಮನೆಗೇ ಹೋಗಲಿ, ಸತ್ತವರು ಮಾಡುತ್ತಿದ್ದ ಉಪ್ಸಾರಿನ ರುಚಿಯನ್ನೂ ಬಿಡದೆ ರಾಗವಾಗಿ ಹಾಡಿಕೊಂಡು ಅಳುತ್ತಿದ್ದಳು. ಸೆರಗು ಹಿಂಡಿದರೆ ನೀರು ಸುರಿಯುತ್ತಿತ್ತು.

ಅಂಥವಳು ನಮ್ಮ ಸೋದರತ್ತೆ ತೀರಿಕೊಂಡ ದಿನ ರಾಗವೇನೋ ಹಾಕಿದಳು, ಕಣ್ಣಲ್ಲಿ ಒಂದು ಹನಿ ಇಲ್ಲ.

"ಏನಮ್ಮಿ, ಅತ್ತೆ ಒಡವೆ ಕೊಡ್ಲಿಲ್ಲ ಅಂತ ನೀನು ಕಣ್ಣೀರು ಕೊಡ್ತಿಲ್ವಾ?" ಅಂದಳು ಪಕ್ಕದಲ್ಲಿ ಕೂತಿದ್ದ ಹೆಂಗಸು.

ಅಕ್ಕನಿಗೆ ಸಕ್ಕರೆ ಕಾಯಿಲೆ. ಕಣ್ಣಲ್ಲಿ ಮರಳು ಹೊಯ್ದಂಗಾಗುತ್ತೆ, ಡಾಕ್ಟರಿಗೆ ತೋರಿಸೋ ಅಂತ ಎಷ್ಟೋ ಸಲ ಹೇಳಿದ್ದಳು. ನಾನು "ಟಿಪ್ಪರ್ ಲಾರಿ ಧೂಳು ಕಣಕ್ಕ" ಅಂತ ತಳ್ಳಿಹಾಕಿದ್ದೆ. ಅದು ಸಾಲದು ಅಂತ, ಹೊಸಕೋಟೆಗೆ ಹೋದಾಗಲೆಲ್ಲ ಭಾವನ ಕಣ್ಣು ತಪ್ಪಿಸಿ ಅವಳಿಗೆ ಜಿಲೇಬಿ ತಂದುಕೊಡುತ್ತಿದ್ದೆ. ತಿಂದು ನನ್ನ ತಲೆ ಸವರಿ, "ನನ್ನ ಮೇಲೆ ಆಸೆ ಇರೋದು ನಿನಗೊಬ್ಬನಿಗೇ ಕಣೋ" ಅನ್ನುತ್ತಿದ್ದಳು. ನಾನೂ ಅದನ್ನೇ ನಂಬಿದ್ದೆ.

ಅತ್ತೆಯ ತಿಥಿಗಾದರೂ ಮಾನ ಉಳಿಯಲಿ ಅಂತ ಈರುಳ್ಳಿ ಹೆಚ್ಚಿ ಅವಳ ಸೆರಗಿಗೆ ಕಟ್ಟಿದೆ. ಅವಳು ಕಣ್ಣಿಗೆ ಒತ್ತಿಕೊಂಡೇ ಒತ್ತಿಕೊಂಡಳು. ಅಕ್ಕಪಕ್ಕದವರೆಲ್ಲ ಗಳಗಳ ಅತ್ತರು. ಎಲೆ ಹಾಕಲು ಬಂದವನೂ ಅತ್ತ. ಅಕ್ಕನ ಕಣ್ಣು ಮಾತ್ರ ಕೆಂಡದ ಹಾಗೆ ಕೆಂಪಾಯಿತೇ ಹೊರತು ಒದ್ದೆಯಾಗಲಿಲ್ಲ.

ಆ ಕೆಂಪು ನೋಡಿ ಭಾವ ಹೆದರಿ ಕಣ್ಣಿನ ಆಸ್ಪತ್ರೆಗೆ ಹೊರಡಿಸಿದರು. ನಾನೂ ಜೊತೆಗೆ ಹೋದೆ. ಡಾಕ್ಟರಮ್ಮ ಅಕ್ಕನ ರೆಪ್ಪೆಯೊಳಗೆ ಸಣ್ಣ ಕಾಗದದ ಪಟ್ಟಿ ಸಿಕ್ಕಿಸಿದರು. ಕಣ್ಣೀರು ಅಳೆಯೋ ಆ ಪಟ್ಟಿ ಹೋದ ಹಾಗೇ ಒಣಒಣವಾಗಿ ಹೊರಬಂತು.

"ಸಕ್ಕರೆ ಹೆಚ್ಚಿದ್ರೆ ಕಣ್ಣಿನ ನರ ಮಂಕಾಗಿ ನೀರು ಕಮ್ಮಿಯಾಗುತ್ತೆ. ಹೊರಗೆ ಹೀಗಿದ್ರೆ ಒಳಗೂ ಏಟು ಬಿದ್ದಿರಬಹುದು, ನೋಡಲೇಬೇಕು" ಅಂದು ಔಷಧಿ ಬಿಟ್ಟು, ಪಾಪೆ ಅಗಲವಾದ ಮೇಲೆ ಪರೀಕ್ಷೆ ಮಾಡಿದರು. ಕಣ್ಣಿನ ಹಿಂದಿನ ಪರದೆಯಲ್ಲಿ ರಕ್ತ ಜಿನುಗಿತ್ತು.

"ಇನ್ನೂ ತಡ ಮಾಡಿದ್ರೆ ದೃಷ್ಟಿಯೇ ಹೋಗ್ತಿತ್ತು. ಸಿಹಿ ಏನಾದ್ರೂ ತಿಂತೀರಾ?"

"ಇಲ್ಲಮ್ಮ" ಅಂದಳು ಅಕ್ಕ, ಭಾವನ ಮುಖ ನೋಡುತ್ತಾ. ನಾನು ನೆಲ ನೋಡಿದೆ. ಅವತ್ತು ಬಾಯಿ ಬಿಡಲಿಲ್ಲ, ಈಗ ಬರೆದಿದ್ದೇನೆ. ಭಾವ ಓದಿದರೆ ಓದಲಿ.

ಲೇಸರ್ ಆಯಿತು, ಕಣ್ಣು ಉಳಿಯಿತು. ಒಣಗಿದ ಕಣ್ಣಿಗೆ ಹಾಕಿಕೊಳ್ಳಲು ಹನಿ ಔಷಧಿಯನ್ನೂ ಕೊಟ್ಟಿದ್ದಾರೆ. ಮೊನ್ನೆ ಒಂದು ಸಾವಿನ ಮನೆಗೆ ಹೊರಟಾಗ, "ಆ ಬಾಟ್ಲಿ ತಗೊಳ್ಳಕ್ಕ, ಅಳೋಕಾಗುತ್ತೆ" ಅಂದೆ.

"ಅಳದಿದ್ರೆ ಅಷ್ಟೇ ಹೋಯ್ತು. ಯಾರ್ಯಾರು ಅಳ್ತಿಲ್ಲ ಅಂತ ನೋಡೋಕೆ ಕಣ್ಣಿದ್ರೆ ಸಾಕು ಬಾರಲೇ" ಅಂದಳು.

ಈಗ ಹೊಸಕೋಟೆಯಿಂದ ಸೌತೆಕಾಯಿ ತರುತ್ತೇನೆ. ತಿನ್ನುತ್ತಾಳೆ, ತಲೆ ಮಾತ್ರ ಸವರುವುದಿಲ್ಲ.