ಜೋಳದ ಹೊಲದ ಕರೆ, ಗೇರ್ ಮುರಿದ ಸೈಕಲ್ಲು

ಕೊರೊನಾದ ಗದ್ದಲ ಅಡಗಿದ ಮರುವರ್ಷದ ಮುಂಗಾರಿನಲ್ಲಿ ನಾನು ಹುಮನಾಬಾದ್ ತಾಲ್ಲೂಕಿನ ಒಂದು ಹಳ್ಳಿಯ ಪಶು ಆಸ್ಪತ್ರೆಯಲ್ಲಿ ವೈದ್ಯೆಯಾಗಿದ್ದೆ. ಮನೆ ಬಸವಕಲ್ಯಾಣದಲ್ಲಿ, ವಾರದ ದಿನಗಳಲ್ಲಿ ಆಸ್ಪತ್ರೆಯ ಹತ್ತಿರವೇ ಒಂದು ಬಾಡಿಗೆ ಕೋಣೆಯಲ್ಲಿ ಇರುತ್ತಿದ್ದೆ. ದುಬಲಗುಂಡಿಯ ಆಚೆಯ ಕೆಲವು ಹಳ್ಳಿಗಳೂ ನನ್ನ ಪಾಲಿಗೆ ಬರುತ್ತಿದ್ದವು. ಬಸ್ಸು ಹೋಗುವ ದಾರಿ ಸರಿಯೇ ಇತ್ತು. ಆದರೆ ದನಗಳು ಬಸ್ಸಿನ ದಾರಿಯಲ್ಲಿ ಕಾಯಿಲೆ ಬೀಳುವುದಿಲ್ಲ.

ಅಲ್ಲಿಯದು ಎರೆಭೂಮಿ. ಬೇಸಿಗೆಯಲ್ಲಿ ಕಾಲು ಹೊಗುವಷ್ಟು ಬಿರುಕು ಬಿಡುವ ಆ ಮಣ್ಣು ಒಂದು ಮಳೆ ಬಿದ್ದರೆ ಅಂಟಿನಂತಾಗುತ್ತದೆ. ಮೊದಲ ಮಳೆಗಾಲದಲ್ಲೇ ನನ್ನ ಸ್ಕೂಟರಿನ ಮುಂದಿನ ಗಾಲಿ ಮಡ್‌ಗಾರ್ಡಿನೊಳಗೆ ಮಣ್ಣು ತುಂಬಿಕೊಂಡು ತಿರುಗುವುದನ್ನೇ ನಿಲ್ಲಿಸಿತು. ಅದನ್ನು ಎತ್ತಲು ಮೂವರು ಗಂಡಸರು ಬೇಕಾದರು. ಒಬ್ಬಳೇ ಹೆಗಲ ಮೇಲೆ ಹೊರಬಹುದಾದ ಗಾಡಿ ಯಾವುದು ಎಂದು ಆಗಲೇ ಯೋಚಿಸಿದೆ. ಹಾಗೆ ಬಂದದ್ದು ಮೌಂಟನ್ ಬೈಕ್, ಅಂದರೆ ಗುಡ್ಡಗಾಡಿನ ದಾರಿಗೆಂದು ಮಾಡಿದ ದಪ್ಪ ಗಾಲಿಯ ಗೇರ್ ಸೈಕಲ್ಲು.

ಬಸವಕಲ್ಯಾಣದ ಸೈಕಲ್ ಅಂಗಡಿಯವರು ಹಿಂದೆ ಮುಂದೆ ಎರಡೂ ಕಡೆ ಸ್ಪ್ರಿಂಗ್ ಇದ್ದ ಒಂದು ಮಿಂಚುವ ಸೈಕಲ್ಲನ್ನು ಮುಂದೆ ತಂದಿಟ್ಟರು.

"ಇದು ತಗೋರಿ ಮೇಡಂ, ಗಾದಿ ಮ್ಯಾಲ ಕುಂತಂಗ ಆಗ್ತದ."

"ನನಗ ಗಾದಿ ಬ್ಯಾಡ್ರಿ, ಔಷಧದ ಪೆಟ್ಟಿಗಿ ಇಡಾಕ ಕ್ಯಾರಿಯರ್ ಬೇಕು," ಎಂದೆ.

ಹಿಂದೆ ಸ್ಪ್ರಿಂಗ್ ಇದ್ದರೆ ಕ್ಯಾರಿಯರ್ ಗಟ್ಟಿಯಾಗಿ ಕೂರುವುದಿಲ್ಲ, ಕೆಸರು ಹೊಕ್ಕರೆ ಅದರ ಕೀಲುಗಳನ್ನು ಬಿಚ್ಚಿ ತೊಳೆಯುವ ಕೆಲಸ ಬೇರೆ. ಮುಂದೆ ಮಾತ್ರ ಸ್ಪ್ರಿಂಗ್ ಇರುವುದನ್ನು ಆರಿಸಿದೆ. ಎಣ್ಣೆಯ ಒತ್ತಡದಿಂದ ಹಿಡಿಯುವ ಬ್ರೇಕ್ ಬೇಡವೆಂದು ವೈರಿನ ಡಿಸ್ಕ್ ಬ್ರೇಕ್ ಹಾಕಿಸಿದೆ. ವೈರ್ ಹರಿದರೆ ಹುಮನಾಬಾದಿನಲ್ಲೂ ಸಿಗುತ್ತದೆ, ನಾನೇ ಹಾಕಿಕೊಳ್ಳಬಹುದು. ಟೈರಿನ ಗುಬುಟುಗಳು ಒತ್ತೊತ್ತಾಗಿರದೆ ದೂರದೂರ ಇರಬೇಕು, ಆಗ ಮಣ್ಣು ತಾನೇ ಉದುರುತ್ತದೆ. ಮಡ್‌ಗಾರ್ಡ್ ಮಾತ್ರ ಬೇಡವೇ ಬೇಡ ಎಂದೆ. ಬಟ್ಟೆ ಕೆಸರಾಗುತ್ತದೆ ಎಂದು ಅವರು ಎಚ್ಚರಿಸಿದರು. ನನ್ನ ಕೆಲಸದಲ್ಲಿ ಬಟ್ಟೆಗೆ ಅಂಟುವುದರಲ್ಲಿ ಕೆಸರೇ ಎಲ್ಲಕ್ಕಿಂತ ಶುದ್ಧವಾದದ್ದು.

ರಿಪೇರಿಯನ್ನು ಫೋನಿನಲ್ಲಿ ವಿಡಿಯೊ ನೋಡಿ ಕಲಿತೆ. ಭಾನುವಾರ ಮನೆಯ ಅಂಗಳದಲ್ಲಿ ಚೈನ್ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಹನಿ ಹನಿಯಾಗಿ ಎಣ್ಣೆ ಬಿಟ್ಟು ಮತ್ತೆ ಕೂಡಿಸುತ್ತಿದ್ದೆ. ಅತ್ತೆ ಬಾಗಿಲಲ್ಲಿ ನಿಂತು, "ದನದ ಹೊಟ್ಟಿ ಬಿಚ್ಚೂದು ಸಾಲಲ್ಲೇನ ನಿನಗ?" ಎನ್ನುತ್ತಿದ್ದರು.

ಆ ವರ್ಷ ಬಿತ್ತನೆಯ ನಂತರ ಮಳೆ ಕೈಕೊಟ್ಟಿತು. ಮೊಳಕಾಲುದ್ದ ಬಂದಿದ್ದ ಜೋಳ ಅಲ್ಲೇ ಮುರುಟಿ ನಿಂತಿತು. ಆಮೇಲೆ ಎರಡು ದಿನ ಬಿಡದೆ ಮಳೆ ಹೊಡೆದು ಹೊಲಗಳೆಲ್ಲ ಚಿಗುರಿದವು. ನೋಡುವ ಕಣ್ಣಿಗೆ ಚೆಂದ. ಪಶು ವೈದ್ಯರಿಗೆ ಅದು ಎದೆ ಹೊಡೆದುಕೊಳ್ಳುವ ಕಾಲ. ಹಾಗೆ ಬಾಡಿ ಚಿಗುರಿದ ಎಳೆ ಜೋಳದಲ್ಲಿ ಒಂದು ವಸ್ತು ಇರುತ್ತದೆ. ಅದು ದನದ ಹೊಟ್ಟೆಯೊಳಗೆ ಸೈನೈಡ್ ಆಗುತ್ತದೆ. ನಾಲ್ಕು ಬಾಯಿ ಮೇವು ಸಾಕು, ಎತ್ತಿನಂಥ ಎತ್ತು ನಿಂತಲ್ಲೇ ಬೀಳಬಹುದು.

ಮೂರನೆಯ ದಿನ ಮಳೆ ನಿಂತು ಬಿಸಿಲು ಬಂತು. ಮಧ್ಯಾಹ್ನ ಕಾಶಮ್ಮನ ಫೋನ್ ಬಂತು. ದುಬಲಗುಂಡಿಯ ಆಚೆ, ಹಳ್ಳದ ದಡದ ಹೊಲದಲ್ಲಿ ದನ ಕಾಯುವ ನಲವತ್ತರ ಹೆಂಗಸು ಅವಳು. ಅವಳ ಮನೆಯ ಎಂಟು ಆಕಳು ಎಮ್ಮೆಗಳಿಗೆಲ್ಲ ನಾನೇ ಲಸಿಕೆ ಹಾಕಿದ್ದೆ.

"ಮೇಡಂ, ನನ್ನ ದೊಡ್ಡ ಎಮ್ಮಿ ಬಿತ್ರಿ! ಇನ್ನೊಂದು ಥರಥರ ನಡಗಾಕತ್ತದ. ಬಾಯಾಗ ಬುರುಗು ಬರಾಕತ್ತದ್ರಿ!"

"ಏನ್ ಮೇದಾವ ಕಾಶಮ್ಮಾ?"

"ನಾ ನೀರು ತರಾಕ ಹೋಗಿದ್ದೆ. ಬಾಂದು ದಾಟಿ ತುಕಾರಾಮನ ಜೋಳದಾಗ ಹೊಕ್ಕಾವ್ರಿ."

ಹಿಂದಿನಿಂದ ಗಂಡು ದನಿಯೊಂದು ಕೂಗಾಡುತ್ತಿತ್ತು. ಅದು ಅವಳ ಮೈದುನ ಮಾಣಿಕ. ಪಕ್ಕದ ಹೊಲದ ತುಕಾರಾಮನಿಗೂ ಇವರಿಗೂ ಬಾಂದಿನ, ಅಂದರೆ ಎರಡು ಹೊಲಗಳ ನಡುವಿನ ಬದುವಿನ, ವಿಷಯದಲ್ಲಿ ಮೊದಲಿನಿಂದ ಜಗಳ. ಬೆಳೆಯ ಮೇಲೆ ಅವನೇ ವಿಷ ಹೊಡೆದಿದ್ದಾನೆ ಎಂದು ಮಾಣಿಕ ಚೀರುತ್ತಿದ್ದ. ದನಗಳನ್ನು ಊರಿಗೆ ಹೊಡೆದುಕೊಂಡು ಹೋಗೋಣ, ಪಂಚರಿಗೆ ತೋರಿಸೋಣ ಎಂಬ ಮಾತೂ ಕೇಳಿಸಿತು.

"ಕಾಶಮ್ಮಾ, ಹೊಲದಿಂದ ಹೊರಗ ತಂದು ನಿಂದರಸ್ರಿ. ಒಂದ್ ಹೆಜ್ಜಿನೂ ಹೊಡೀಬ್ಯಾಡ್ರಿ. ನಡದಷ್ಟೂ ಜಲ್ದಿ ಸಾಯ್ತಾವ."

ಸೋಡಿಯಂ ಥಯೋಸಲ್ಫೇಟ್ ಇದಕ್ಕೆ ಮದ್ದು. ಹಿಂದೆ ಫೋಟೊ ಸ್ಟುಡಿಯೊದವರು ಹೈಪೊ ಎಂದು ಬಳಸುತ್ತಿದ್ದ ಉಪ್ಪೇ ಅದು. ಚಿಗುರು ನೋಡಿದ ದಿನವೇ ತರಿಸಿ ಇಟ್ಟಿದ್ದೆ. ಅದರ ಪೊಟ್ಟಣಗಳು, ಶುದ್ಧ ನೀರಿನ ಬಾಟಲಿಗಳು, ಸಿರಿಂಜುಗಳನ್ನು ಪೆಟ್ಟಿಗೆಗೆ ತುಂಬಿ ಕ್ಯಾರಿಯರಿಗೆ ಬಿಗಿದೆ. ಫೋನನ್ನು ಹ್ಯಾಂಡಲಿನ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಹೊರಟೆ.

ಡಾಂಬರು ಮುಗಿದು ಬಂಡಿದಾರಿ ಹಿಡಿದ ಮೇಲೆ ಮಣ್ಣು ಗಾಲಿಗೆ ಸುತ್ತತೊಡಗಿತು. ಹಗುರ ಗೇರಿಗೆ ಹಾಕಿ, ದಾರಿಯ ಅಂಚಿನ ಹುಲ್ಲಿನ ಮೇಲೆ ತುಳಿಯುತ್ತಾ ಸಾಗಿದೆ. ಅರ್ಧ ದಾರಿ ಕಳೆದಿರಬೇಕು, ಹುಲ್ಲಿನಲ್ಲಿ ಅಡಗಿದ್ದ ಜಾಲಿಯ ಟೊಂಗೆಯೊಂದು ಮಣ್ಣಿನ ಜೊತೆ ಮೇಲೆದ್ದು ಹಿಂದಿನ ಗೇರಿಗೆ ಸಿಕ್ಕಿತು. ಪಟ್ ಎಂದು ಸದ್ದಾಗಿ ಪೆಡಲ್ ಕಚ್ಚಿ ನಿಂತಿತು.

ಇಳಿದು ನೋಡಿದರೆ, ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಹಿಂದಿನ ಸಾಧನ, ಡಿರೈಲರ್, ಗಾಲಿಯ ಕಡ್ಡಿಗಳೊಳಗೆ ತಿರುಚಿಕೊಂಡಿತ್ತು. ಅದನ್ನು ಚೌಕಟ್ಟಿಗೆ ಹಿಡಿದಿಡುವ ಅಲ್ಯೂಮಿನಿಯಂ ಕೊಕ್ಕೆ ಮುರಿದೇ ಹೋಗಿತ್ತು. ಚೈನಿನ ಒಂದು ಕೊಂಡಿ ಬಾಗಿತ್ತು.

ಮೊದಲು ಮನಸ್ಸಿಗೆ ಬಂದದ್ದು ಸೈಕಲ್ ಬಿಸಾಕಿ ಓಡಬೇಕು ಎಂದು. ಪೆಟ್ಟಿಗೆಯನ್ನು ತಲೆಯ ಮೇಲಿಟ್ಟುಕೊಂಡು ನಾಲ್ಕು ಹೆಜ್ಜೆ ಹಾಕಿಯೂ ಬಿಟ್ಟೆ. ಚಪ್ಪಲಿಗೆ ಅಂಟಿದ ಮಣ್ಣು ಹೆಜ್ಜೆಹೆಜ್ಜೆಗೂ ಭಾರವಾಯಿತು. ಈ ನಡಿಗೆಯಲ್ಲಿ ಹೋದರೆ ಹೊತ್ತು ಮುಳುಗುವ ಹೊತ್ತಿಗೆ ಸತ್ತ ದನಗಳನ್ನು ನೋಡಲು ಹೋದಂತಾಗುತ್ತದೆ. ತಿರುಗಿ ಬಂದೆ.

ಫೋನ್ ಮತ್ತೆ ಬಡಿದುಕೊಂಡಿತು. ಅದು ಕಾಶಮ್ಮನದೇ. ಎತ್ತುವ ಮೊದಲು ಒಂದು ಕ್ಷಣ ತಡೆದೆ. "ಬಂದೆ, ಇಲ್ಲೇ ಬಂದೆ" ಎಂಬುದು ನಾಲಗೆಯ ತುದಿಯಲ್ಲಿತ್ತು. ನಮ್ಮಲ್ಲಿ ಮನೆಯಿಂದ ಹೊರಡದವರೂ ಹೇಳುವ ಮಾತು ಅದು. ಯಾಕೋ ಆ ದಿನ ಬಾಯಿಗೆ ಬರಲಿಲ್ಲ.

"ಕಾಶಮ್ಮಾ, ನನ್ನ ಸೈಕಲ್ ಮುರದದ. ಹಳ್ಳಕ್ಕ ಇನ್ನೂ ದೂರ ಅದೀನಿ, ಹಳೇ ಬಂಡಿದಾರ್ಯಾಗ, ದೊಡ್ಡ ಬೇವಿನಗಿಡದ ಹತ್ರ. ರಿಪೇರಿ ಮಾಡ್ಕೊಂಡು ಬರ್ತೀನಿ, ತಡ ಆಗ್ತದ."

"ದೊಡ್ಡ ಎಮ್ಮಿ ಹೋಯ್ತ್ರಿ," ಎಂದಳು. ಯಾರ್‍ಯಾರೋ ಒಟ್ಟಿಗೆ ಕೂಗುತ್ತಿರುವ ಸದ್ದು. ಸಂಪರ್ಕ ಕಡಿದುಹೋಯಿತು.

ದಾರಿಯ ತಗ್ಗಿನಲ್ಲಿ ನಿಂತಿದ್ದ ನೀರಿನಲ್ಲಿ ಕೈ ತೊಳೆದುಕೊಂಡೆ. ದುಪಟ್ಟಾ ಹಾಸಿ ಅದರ ಮೇಲೆ ಸಾಮಾನು ಇಟ್ಟೆ, ಆ ಮಣ್ಣಿನಲ್ಲಿ ಒಂದು ಸಣ್ಣ ತುಣುಕು ಬಿದ್ದರೆ ಮತ್ತೆ ಸಿಗುವುದಿಲ್ಲ. ಗೇರ್ ಇಲ್ಲದಿದ್ದರೇನು, ಸಾದಾ ಸೈಕಲ್ಲಿನಂತೆ ಒಂದೇ ಚಕ್ರದ ಮೇಲೆ ಚೈನ್ ಕೂರಿಸಿದರೆ ಸೈಕಲ್ ಓಡುತ್ತದೆ. ವಿಡಿಯೊದಲ್ಲಿ ನೋಡಿದ್ದೆ, ಮಾಡಿರಲಿಲ್ಲ. ಚೈನಿನ ಪಿನ್ನನ್ನು ತಿರುಪಿನಿಂದ ಹೊರದೂಡುವ ಅಂಗೈಯಷ್ಟು ಸಣ್ಣ ಸಾಧನವೊಂದು ಸೀಟಿನ ಕೆಳಗಿನ ಚೀಲದಲ್ಲಿತ್ತು. ಅದರಿಂದ ಬಾಗಿದ ಕೊಂಡಿಯನ್ನು ಕಡಿದು ಡಿರೈಲರನ್ನು ಬಿಡಿಸಿ, ಅದರ ವೈರನ್ನು ಸುತ್ತಿ ಕಟ್ಟಿದೆ. ಮುಂದೆ ಸಣ್ಣ ಚಕ್ರ, ಹಿಂದೆ ನಡುವಿನ ಚಕ್ರ, ಎರಡೂ ಒಂದೇ ನೇರಕ್ಕೆ ಬರುವಂತೆ ಚೈನ್ ಹಾಯಿಸಿ ಅಳತೆ ನೋಡಿದೆ. ಒಂದು ಕಡೆ ಕಡಿದರೆ ಸಡಿಲ, ಇನ್ನೊಂದು ಕಡೆ ಕಡಿದರೆ ತುದಿಗಳೇ ಮುಟ್ಟವು. ತಪ್ಪಿದರೆ ಎರಡನೆಯ ಅವಕಾಶವಿಲ್ಲ. ಸಡಿಲವನ್ನೇ ಆರಿಸಿದೆ.

ಪಿನ್ ತಿರುಗಿಸುವಾಗ ಕಣ್ಣ ಮುಂದೆ ಬಿದ್ದ ಎಮ್ಮೆಯ ಕಾಲುಗಳೇ ಬರುತ್ತಿದ್ದವು. ಬೀಳುವ ಹಸುವಿನ ಕುತ್ತಿಗೆಯ ರಕ್ತನಾಳಕ್ಕೆ ಸೂಜಿ ಹಾಕುವಾಗ ಏನು ಮಾಡುತ್ತೇನೋ ಅದನ್ನೇ ಮಾಡಿದೆ: ಉಸಿರು ಹಿಡಿದು, ಹಸುವನ್ನು ಮರೆತು, ಸೂಜಿಯ ತುದಿಯನ್ನಷ್ಟೇ ನೋಡುವುದು. ಅದೇ ಚೀಲದಲ್ಲಿದ್ದ, ಕೈಯಿಂದಲೇ ಕೂಡಿಸಬಹುದಾದ ಜೋಡುಕೊಂಡಿಯ ಎರಡು ತುಣುಕುಗಳನ್ನು ಚೈನಿನ ತುದಿಗಳಿಗೆ ಹಾಕಿ ಪೆಡಲನ್ನು ಅದುಮಿದೆ. ಟಕ್ ಎಂದು ಕೂತಿತು.

ಹತ್ತುವಷ್ಟರಲ್ಲಿ ಫೋನ್ ಬಂತು. ಈ ಸಲ ಮಾಣಿಕ.

"ಅವ ಓಡಿ ಹೋದ್ನ್ರಿ ಮೇಡಂ! ವಿಷಾ ಹಾಕಿದಾಂವ ಓಡಿ ಹೋದ! ಸಿಕ್ಕರ ಕಾಲು ಮುರೀತೀನಿ!"

ಚೈನ್ ಎರಡು ಸಲ ಹಾರಿತು, ಎರಡು ಸಲವೂ ಬೆರಳಿನಿಂದ ಕೂರಿಸಿ ಮುಂದೆ ಹೋದೆ. ತಿರುವಿನಲ್ಲಿ ಎದುರಿನಿಂದ ಒಬ್ಬ ಮನುಷ್ಯ ಧೋತರ ಮೇಲೆ ಕಟ್ಟಿಕೊಂಡು ಓಡಿ ಬರುತ್ತಿದ್ದ. ಹುಬ್ಬಿನ ಮೇಲೆ ಗಾಯ, ಕೈಯಲ್ಲಿ ಕೋಲು. ನಾನು ಬ್ರೇಕ್ ಹಿಡಿದೆ. ಸುತ್ತ ಒಂದು ನರಪಿಳ್ಳೆಯೂ ಇರಲಿಲ್ಲ.

"ಡಾಕ್ಟರ್ ಮೇಡಂ ನೀವೇ ಏನ್ರಿ? ನಾ ತುಕಾರಾಮ, ಆ ಹೊಲದಾಂವ. ಹಳ್ಳಕ್ಕ ನೀರು ಬಂದದ, ನಿಮಗ ದಾಟೂದು ಆಗಂಗಿಲ್ಲ. ಮ್ಯಾಲಿನ ಬಂಡಿಗಲ್ಲಿನ ಮ್ಯಾಲಿಂದ ಕರಕೊಂಡು ಹೋಗ್ತೀನಿ, ಬರ್ರಿ ಜಲ್ದಿ."

ಮೇಲಿನ ಬಂಡೆಯ ಮೇಲೆ ಹಳ್ಳ ಅಗಲವಾಗಿ ತೆಳ್ಳಗೆ ಹರಿಯುತ್ತಿತ್ತು. ಅವನು ಪೆಟ್ಟಿಗೆ ಹೊತ್ತ, ನಾನು ಸೈಕಲ್ ಹೊತ್ತೆ. ಕೋಲಿನಿಂದ ಮುಂದೆ ಮುಂದೆ ನೀರು ಅಳೆಯುತ್ತಾ ದಾಟಿಸಿದ. ಆಚೆ ಹುಲ್ಲುಗಾವಲು, ಗಟ್ಟಿ ನೆಲ. ಪೆಟ್ಟಿಗೆ ಕಟ್ಟಿಕೊಂಡು ತುಳಿದೆ. ಅವನು ಪಕ್ಕದಲ್ಲಿ ಓಡಿದ.

ನಮ್ಮಿಬ್ಬರನ್ನು ಒಟ್ಟಿಗೆ ಕಂಡಾಗ ಮಾಣಿಕನ ಕೈಯಲ್ಲಿದ್ದ ಬಡಿಗೆ ಮೇಲಕ್ಕೆದ್ದಿತು. ಕಾಶಮ್ಮ ಬಂದು ನಡುವೆ ನಿಂತಳು. "ಮೊದಲ ದನ, ಆಮ್ಯಾಲ ನಿಮ್ಮ ಹೊಡದಾಟ!"

ಸತ್ತ ದೊಡ್ಡ ಎಮ್ಮೆಯಲ್ಲದೆ ಇನ್ನೂ ಎರಡು ಬಿದ್ದಿದ್ದವು, ಮೂರು ತೂರಾಡುತ್ತಿದ್ದವು. ಬಿದ್ದ ಆಕಳ ತುಟಿ ಎತ್ತಿ ನೋಡಿದೆ. ಒಸಡು ದಾಸವಾಳದಷ್ಟು ಕೆಂಪು. ಸೂಜಿ ಹಾಕಿದಾಗ ಬಂದ ರಕ್ತವೂ ಹಾಗೆಯೇ. ಸೈನೈಡ್ ಹೊಕ್ಕ ದೇಹ ಉಸಿರಾಡಿದ ಗಾಳಿಯನ್ನು ಬಳಸಲಾರದು, ಆದ್ದರಿಂದ ರಕ್ತ ಕಪ್ಪಾಗುವುದಿಲ್ಲ. ಮಾಣಿಕನಿಗೆ ಸಿರಿಂಜ್ ತೋರಿಸಿದೆ.

"ಕೀಟನಾಶಕ ತಿಂದ್ರ ರಕ್ತ ಇಷ್ಟು ಕೆಂಪ ಇರೂದಿಲ್ಲ. ವಿಷ ಯಾರೂ ಹಾಕಿಲ್ಲಪ್ಪಾ, ಎಳೇ ಜೋಳದೊಳಗೇ ಅದ. ನಿಮ್ಮ ಹೊಲದ ಜೋಳ ಮೇದಿದ್ರೂ ಇದೇ ಆಗ್ತಿತ್ತು. ಈಗ ಕೋಲು ಒಗದು ಇದರ ತಲಿ ಹಿಡಿ."

ಅವನು ಕೋಲು ಬಿಸಾಡಲಿಲ್ಲ, ಕೆಳಗಿಟ್ಟ. ಒಂದು ತಲೆಯನ್ನು ಅವನು ಹಿಡಿದ, ಇನ್ನೊಂದನ್ನು ತುಕಾರಾಮ. ಕಾಶಮ್ಮ ಬಾಟಲಿಯಲ್ಲಿ ಪುಡಿ ಕಲಕಿ ಕಲಕಿ ಕೊಟ್ಟಳು. ಬಿದ್ದ ಎರಡರಲ್ಲಿ ಕಡಸೊಂದು ನನ್ನ ಕೈಯಲ್ಲೇ ಉಸಿರು ಬಿಟ್ಟಿತು. ಆಕಳು ಬಹಳ ಹೊತ್ತು ಅಲುಗಲಿಲ್ಲ. ಎರಡನೆಯ ಬಾಟಲಿ ಮುಗಿಯುವಾಗ ಕಿವಿ ಆಡಿಸಿತು; ಮುಂಗಾಲು ಊರಿತು; ಬಿತ್ತು; ಮತ್ತೆ ಊರಿ ಎದ್ದು ನಿಂತಿತು. ಬಿಸಿಲು ಇಳಿಯುವ ಹೊತ್ತಿಗೆ ಎಂಟರಲ್ಲಿ ಆರು ಕಾಲ ಮೇಲೆ ಇದ್ದವು. ಮನೆಗೆ ಹಾಲು ಕೊಡುತ್ತಿದ್ದ ದೊಡ್ಡ ಎಮ್ಮೆ ಇರಲಿಲ್ಲ. ಕಾಶಮ್ಮ ಅದರ ಕೊರಳಿನ ಹಗ್ಗ ಬಿಚ್ಚಿಕೊಂಡು, ಸುತ್ತಿ, ಮಡಿಲಲ್ಲಿಟ್ಟುಕೊಂಡು ಕೂತಳು.

ಗುಂಡಿ ತೋಡಲು ಮಾಣಿಕನ ಜೊತೆ ತುಕಾರಾಮನೂ ಸಲಿಕೆ ಹಿಡಿದ. ಅವರಿಬ್ಬರೂ ಮಾತಾಡಿದ್ದನ್ನು ನಾನು ಕಾಣಲಿಲ್ಲ. ಬಾಂದಿನ ಜಗಳ ಇಂದಿಗೂ ಇದೆ ಎಂದು ಕೇಳಿದ್ದೇನೆ. ಹುಬ್ಬಿಗೆ ಔಷಧಿ ಹಚ್ಚುವಾಗ ತುಕಾರಾಮನನ್ನು ಕೇಳಿದೆ: ಇವರು ಹೊಡೆಯಲು ನಿಂತಿದ್ದಾಗ ಊರಿನ ಕಡೆ ಹೋಗದೆ ನನ್ನ ಕಡೆ ಯಾಕೆ ಓಡಿ ಬಂದಿರಿ?

"ಕಾಶಮ್ಮನ ಫೋನ್ ದೊಡ್ಡ ಆವಾಜಿನ್ಯಾಗ ಇತ್ರಿ. ಸೈಕಲ್ ಮುರದದ, ಬೇವಿನಗಿಡದ ಹತ್ರ ಅದೀನಿ ಅಂದ್ರಿ. ಅಲ್ಲಿಂದ ಬಂದ್ರ ಹಳ್ಳ ತಡೀತದ ಅಂತ ನನಗ ಗೊತ್ತಿತ್ತು. ನೀವು ಬಂದೆ ಬಂದೆ ಅಂದಿದ್ರ, ನಾ ಅಲ್ಲೇ ನಿಂತು ಹೊಡಸ್ಕೋತಿದ್ದೆ."

ಈಗ ನಾನು ಬಸವಕಲ್ಯಾಣದಲ್ಲಿ ಕೆಲಸ ಮಾಡುತ್ತೇನೆ. ಹೊಸದಾಗಿ ಸೇರುವ ವೈದ್ಯರು ಯಾವ ಸೈಕಲ್ ತಗೊಳ್ಳಬೇಕು, ಚೀಲದಲ್ಲಿ ಏನೇನು ಇರಬೇಕು ಎಂದು ಕೇಳುತ್ತಾರೆ. ಅದನ್ನು ಹೇಳಿಕೊಡುವುದು ಸುಲಭ. ಚೈನ್ ಕಡಿಯುವುದನ್ನು ಒಂದು ಭಾನುವಾರದಲ್ಲಿ ಕಲಿಸಬಹುದು. ಅದರ ಜೊತೆಗೆ ಇನ್ನೊಂದು ಮಾತನ್ನೂ ಹೇಳುತ್ತೇನೆ. ದಾರಿಯಲ್ಲಿ ಸಿಕ್ಕಿಬಿದ್ದಾಗ ಫೋನ್ ಬಂದರೆ, ಸಮಾಧಾನಕ್ಕೆಂದು ಏನೂ ಹೇಳಬೇಡಿ. ಎಲ್ಲಿದ್ದೀರೋ, ಏನು ಮುರಿದಿದೆಯೋ ಅದನ್ನೇ ಹೇಳಿ. ಆ ಕಡೆ ಇರುವವರ ಕೈಕಾಲಿಗೆ ಅದರಿಂದ ಕೆಲಸ ಸಿಗುತ್ತದೆ.