ನಾಯಕನ ಹೆಂಡತಿ ಮುಡಿಸಿದ ಹೂವು

ನಾಟಕಕ್ಕೆಂದು ಯಾವ ಊರಿಗೆ ಹೋದರೂ ನಟಿ ಯಶೋದಮ್ಮ ಬಸ್ಸಿಳಿದು ಸ್ಟೇಜ್ ಎಲ್ಲಿ ಅಂತ ಕೇಳುವುದಿಲ್ಲ. ನಾಯಕನ ಪಾತ್ರ ಮಾಡುವವನ ಮನೆ ಎಲ್ಲಿ ಅಂತ ಕೇಳುತ್ತಾಳೆ. ನೇರ ಅಲ್ಲಿಗೆ ಹೋಗಿ, ಅವನ ಹೆಂಡತಿಯ ಎದುರು ಕೂತು, ತಾನು ತಂದ ಮಲ್ಲಿಗೆಯನ್ನು ಅವಳ ಕೈಗಿಟ್ಟು, ಮುಡಿಸು ಅನ್ನುತ್ತಾಳೆ. ಮುಡಿಸಿದರೆ ನಾಟಕ. ಇಲ್ಲದಿದ್ದರೆ ವಾಪಸ್ ಹಿರಿಯೂರಿನ ಬಸ್ಸು.

ನಾನು ಚಿತ್ತಪ್ಪ, ಹಾರ್ಮೋನಿಯಂ ಮೇಷ್ಟ್ರು. ಹಳ್ಳಿ ಗಂಡಸರಿಗೆ ಮೂರು ತಿಂಗಳು ಮಾತು, ಹಾಡು ಕಲಿಸಿ ಗಂಟಲು ಹರಿದುಕೊಳ್ಳುವವನು ನಾನು. ಕಡೆಗೆ ಒಂದು ಮೊಳ ಹೂವಿಗೆ ನನ್ನ ಜೀವ ಬಾಯಿಗೆ ಬರಬೇಕೆಂದರೆ ಇದ್ಯಾವ ನ್ಯಾಯ ಸ್ವಾಮಿ? ಎಷ್ಟು ಬೈದರೂ ಅವಳು ನಗುತ್ತಾಳೆ.

ಹಿರಿಯೂರು ಬಸ್ ಸ್ಟ್ಯಾಂಡಿನಲ್ಲಿ ಹೂ ಮಾರುತ್ತಿದ್ದ ಮುದ್ದಕ್ಕನ ಮಗಳು ಅವಳು. ಪಕ್ಕದ ಛತ್ರದಲ್ಲಿ ನಾನು ನಾಟಕ ಕಲಿಸುತ್ತಿದ್ದರೆ, ಹೂ ಕಟ್ಟುತ್ತಲೇ ಎಲ್ಲರ ಮಾತನ್ನೂ ಬಾಯಿಪಾಠ ಮಾಡಿಕೊಂಡಿದ್ದಳು. ಒಮ್ಮೆ ಹೊರಗಿನಿಂದ ಬರಬೇಕಾದ ನಟಿ ಕೈಕೊಟ್ಟಳು. ಹದಿನೆಂಟರ ಯಶೋದಾ ಸೆರಗು ಸಿಕ್ಕಿಸಿ ಆ ಪಾತ್ರಕ್ಕೆ ನಿಂತಳು. ಅವತ್ತು ಅವಳು ಅತ್ತಾಗ ಬಂದೋಬಸ್ತಿಗೆ ಬಂದಿದ್ದ ಪೊಲೀಸಪ್ಪನೂ ಕಣ್ಣೊರೆಸಿಕೊಂಡ. ಆಮೇಲೆ ದುರ್ಗ, ಹೊಳಲ್ಕೆರೆ, ಭೀಮಸಮುದ್ರ ಎಲ್ಲೆಲ್ಲೂ ಅವಳೇ ಬೇಕು. ನಾಯಕ ಮಾತು ಮರೆತರೆ ಸೆರಗಿನ ಮರೆಯಿಂದಲೇ ಎತ್ತಿಕೊಡುತ್ತಾಳೆ, ಜನಕ್ಕೆ ಅಳುತ್ತಿದ್ದಾಳೆ ಅಂತಲೇ ಕಾಣುತ್ತದೆ.

ಎರಡನೇ ವರ್ಷ ಹೊಳಲ್ಕೆರೆ ಕಡೆಯ ಊರಲ್ಲಿ ರಾಜ ರಾಣಿಯಾಗಿದ್ದ ಯಶೋದಾಳ ಕೈ ಹಿಡಿದಿದ್ದೇ ತಡ, ರಾಜನ ಹೆಂಡತಿ ಸ್ಟೇಜ್ ಹತ್ತಿ ಅವನನ್ನು ಕಿರೀಟದ ಸಮೇತ ಎಳೆದುಕೊಂಡು ಹೋದಳು. ಊರೆಲ್ಲ ಬಿದ್ದು ಬಿದ್ದು ನಕ್ಕಿತು. ಯಶೋದಾ ನಗಲಿಲ್ಲ. ಮಾರನೆಯ ಬೆಳಿಗ್ಗೆ ಹೂವು ಹಿಡಿದು ಆ ಹೆಂಗಸಿನ ಮನೆಗೆ ಹೋದಳು. ಅಲ್ಲಿಂದ ಶುರುವಾದ ಪದ್ಧತಿ ಇದು. ಇಪ್ಪತ್ತಾರು ವರ್ಷದಲ್ಲಿ ತನ್ನಿಂದ ಒಂದು ಮನೆಯೂ ಕೆಡಲಿಲ್ಲ ಅನ್ನುವುದೇ ಅವಳ ಹೆಮ್ಮೆ.

ಹೋದ ಮಾರ್ಚಿನಲ್ಲಿ ಹಾಲುರಾಮೇಶ್ವರದ ಹತ್ತಿರದ ಊರೊಂದರಲ್ಲಿ ಆ ಹೆಮ್ಮೆಗೇ ಕುತ್ತು ಬಂತು. ನಾಯಕ ಗೋವಿಂದಪ್ಪ ನೂರು ಕುರಿ ಸಾಕಿದವನು, ಅವುಗಳ ಹಿಂದೆ ಅಲೆಯುತ್ತಲೇ ಮಾತು ಕಲಿತವನು. ಅವನ ಹೆಂಡತಿ ನಿಂಗಕ್ಕ ಹೂವು ಮುಟ್ಟಲಿಲ್ಲ.

"ಇಪ್ಪತ್ತು ವರ್ಷದಾಗೆ ನನಗೊಂದು ಮೆತ್ತನ್ನ ಮಾತಾಡಿಲ್ಲ ಈ ಯಪ್ಪ. ನಿಮಗೆ ಹೇಳಾಕೆ ಮೂರು ತಿಂಗಳಿಂದ ಕುರಿ ಮುಂದೆ ಕಲೀತಾವ್ನೆ," ಅಂದಳು.

ಯಶೋದಮ್ಮ ಹಂಗಾದರೆ ನಾಟಕವೇ ಬೇಡ ಅಂತ ಎದ್ದಳು. ಗೋವಿಂದಪ್ಪ ಬಾಗಿಲಲ್ಲಿ ಕಿರೀಟ ತಿರುಗಿಸುತ್ತಾ ನಿಂತಿದ್ದ. ಬೀದಿಯಲ್ಲಿ ಊರೇ ನೆರೆದಿತ್ತು. ನಿಂಗಕ್ಕ ಆ ಜನವನ್ನೊಮ್ಮೆ ನೋಡಿ, ಕಡೆಗೆ ಹೂವು ಕಿತ್ತುಕೊಂಡು ಯಶೋದಮ್ಮನ ಮುಡಿಗೆ ಸಿಕ್ಕಿಸಿದಳು.

"ಮುಂದಿನ ಸಾಲಿನಾಗೇ ಕುಂತಿರ್ತೀನಿ. ನನಗೆ ಸರಿ ಕಾಣ್ಲಿಲ್ಲ ಅಂದ್ರೆ ಅಲ್ಲಿಂದಲೇ ತವರಿಗೆ."

ಮಕ್ಕಳಿಗೆ ಪರೀಕ್ಷೆಯಿದ್ದುದರಿಂದ ರಾತ್ರಿ ಮೈಕ್ ಹಾಕುವ ಹಾಗಿರಲಿಲ್ಲ, ನಾಟಕ ಹಗಲಲ್ಲೇ. ರಾತ್ರಿಯ ಲೈಟಿನಲ್ಲಿ ನಟನಿಗೆ ಮುಂದೆ ಕೂತವರು ಕಾಣುವುದಿಲ್ಲ, ಅದೇ ಒಂದು ಧೈರ್ಯ. ಈಗ ಗೋವಿಂದಪ್ಪನಿಗೆ ನಿಂಗಕ್ಕನ ಮುಖ ನಿಚ್ಚಳವಾಗಿ ಕಂಡಿತು. ರಾಣಿಗೆ ಪ್ರೀತಿಯ ಮಾತು ಹೇಳುವ ಹೊತ್ತಿಗೆ ಅವನಿಗೆ ಮಾತೇ ಮರೆತುಹೋಯಿತು. ಯಶೋದಮ್ಮ ಎರಡು ಸಲ ಮಾತು ಎತ್ತಿಕೊಟ್ಟಳು. ನಾನು ನುಡಿಸಿದ್ದನ್ನೇ ನುಡಿಸಿದೆ. ಮನುಷ್ಯ ಕಂಬದ ಹಾಗೆ ನಿಂತಿದ್ದ. ನಿಂಗಕ್ಕ ಸೆರಗು ಕೊಡವಿ ಎದ್ದಳು.

ಆಗ ಯಶೋದಮ್ಮ ಪಕ್ಕಕ್ಕೆ ಎರಡು ಹೆಜ್ಜೆ ಸರಿದಳು. ಮೈಕಿಗೆ ಕೇಳದ ಹಾಗೆ, "ನನ್ನ ನೋಡಬ್ಯಾಡ್ರಿ. ಅಕ್ಕನ್ನ ನೋಡಿ ಹೇಳ್ರಿ," ಅಂದಳು. ಗೋವಿಂದಪ್ಪನನ್ನು ಬಿಟ್ಟರೆ, ಸ್ಟೇಜಿನ ಕೆಳಗೇ ಕೂತಿದ್ದ ನನಗೆ ಮಾತ್ರ ಕೇಳಿಸಿತು. ಅವಳು ಬಿಟ್ಟ ಜಾಗದ ನೇರಕ್ಕೆ, ಮುಂದಿನ ಸಾಲಿನಲ್ಲಿ ಹೊರಟು ನಿಂತಿದ್ದ ನಿಂಗಕ್ಕ ಕಂಡಳು.

"ನೀನಿಲ್ಲದ ಈ ಅರಮನೆ ಬರೀ ಕಲ್ಲು ಮಣ್ಣು," ಅಂದ ಗೋವಿಂದಪ್ಪ. ನಾನು ಕಲಿಸಿದ ಪ್ರಕಾರ ಆಮೇಲೆ ಅವನು "ರಾಣಿ" ಅನ್ನಬೇಕು. ಅವನು "ನಿಂಗಿ" ಅಂದ.

ನನ್ನ ಮೂರು ತಿಂಗಳ ಪಾಠ ಹಳ್ಳ ಹಿಡಿಯಿತು, ನನಗೋ ಹಿಡಿಸಲಾರದಷ್ಟು ಖುಷಿ. ಯಶೋದಮ್ಮ ರಾಣಿಯ ಪಾತ್ರ ಮರೆತು ನಗುತ್ತಿದ್ದಳು, ಕಣ್ಣಲ್ಲಿ ನೀರು. ನಿಂಗಕ್ಕ ಮೆಲ್ಲಗೆ ಕೂತಳು. ಸೆರಗನ್ನು ಬಾಯಿಗೆ ಅಡ್ಡ ಇಟ್ಟುಕೊಂಡು, ಒಳ್ಳೆ ಹಾಡು ಬಂದಾಗ ಜನ ಕೂಗುವ ಮಾತನ್ನು ಸಣ್ಣ ದನಿಯಲ್ಲಿ ಹೇಳಿದಳು.

"ಒನ್ಸ್‌ಮೋರ್."

ಗೋವಿಂದಪ್ಪ ಇನ್ನೊಮ್ಮೆ ಹೇಳಿದ. ಈ ಸಲ ಯಾರೂ ಮಾತು ಎತ್ತಿಕೊಡಬೇಕಾಗಲಿಲ್ಲ.